ಅರ್ಧ ಗೂಬೆಯದು

“ಈ ಆಟ ಯಾರದ್ದು ಸರ್?” ಎಂದು ವಕೀಲೆ ಕೇಳಿದರು. ಮೇಜಿನ ಮೇಲೆ ಪುಟ್ಟ ಕ್ಯಾಮೆರಾ ಇಟ್ಟಿದ್ದರು.

“ಅರ್ಧ ನಂದು, ಅರ್ಧ ಗೂಬೆಯದು,” ಎಂದ ಅಪ್ಪ.

ವಕೀಲೆ ಪೆನ್ನಿನ ಮುಚ್ಚಳ ಹಾಕಿ ನನ್ನ ಮುಖ ನೋಡಿದರು.

ಆಟ ಅಂದರೆ ವಿಡಿಯೋ ಗೇಮ್. ನಾನು ಚಿಕ್ಕವಳಿದ್ದಾಗ ಅಪ್ಪ ಮತ್ತು ಅವನ ಗೆಳೆಯ ಇಬ್ಬರೇ ನಮ್ಮ ಹಿಂದಿನ ಕೋಣೆಯಲ್ಲಿ ಕೂತು ಮಾಡಿದ್ದು. ಮಂಜು ಕವಿದ ಒಂದು ಹೊಳೆ, ಒಂದು ದೋಣಿ. ಆಡುವವರು ಜನರನ್ನು ಆಚೆ ದಡಕ್ಕೆ ಮುಟ್ಟಿಸಬೇಕು, ಅಷ್ಟೇ. ಪ್ರೋಗ್ರಾಂ ಬರೆದು ಹೊಳೆ ಹರಿಸಿದವನು ಅಪ್ಪ. ದೋಣಿ ಹತ್ತುವವರನ್ನೆಲ್ಲ ಚಿತ್ರಿಸಿ, ಅವರ ಬಾಯಿಗೆ ಮಾತು ಕೊಟ್ಟವರು ಗೆಳೆಯ. ಹಗಲೆಲ್ಲ ತೂಕಡಿಸುತ್ತಿದ್ದರೆಂದು ಅಪ್ಪ ಅವರನ್ನು ಗೂಬೆ ಎಂದು ಕರೆಯುತ್ತಿದ್ದ. ರಕ್ತಸಂಬಂಧ ಇಲ್ಲದಿದ್ದರೂ ನನಗೆ ಅವರು ಚಿಕ್ಕಪ್ಪ.

ಡಿಸ್ಕ್ ಮಾಡಿ ಮಾರುತ್ತಿದ್ದ ಕಂಪನಿ ಬಾಗಿಲು ಹಾಕಿದಾಗ, ಆಟವನ್ನು ಪ್ರಕಟಿಸುವ, ಹಂಚುವ ಹಕ್ಕು ಇಬ್ಬರಿಗೂ ವಾಪಸ್ ಬಂತು. ಆಗಲೇ ಅಪ್ಪನ ತಲೆಗೆ ಎರಡನೇ ಭಾಗದ ಹುಳ ಹೊಕ್ಕಿದ್ದು. ಅದರಲ್ಲಿ ಜನ ಬೇಡ, ಬರೀ ದೋಣಿ ಪಂದ್ಯ ಇರಲಿ ಅಂದ. ಚಿಕ್ಕಪ್ಪ ಸುತರಾಂ ಒಪ್ಪಲಿಲ್ಲ. “ಹಾಗಾದ್ರೆ ನಿನ್ನ ಪಾಲು ನನಗೆ ಬರೆದುಕೊಟ್ಟು ಹೊರಡು,” ಎಂದು ಅಪ್ಪ ಕೂಗಾಡಿದ. ಚಿಕ್ಕಪ್ಪನೂ ಅಷ್ಟೇ ರೋಷದಲ್ಲಿ ಬರೆದುಕೊಟ್ಟು ಹೋದರು. ಅವರು ಬೀದಿ ದಾಟುವ ಮೊದಲೇ ಅಪ್ಪ ಕಂಪ್ಯೂಟರಿನ ಮುಂದೆ ಕೂತು, ಆಟದ ಮೊದಲ ಪರದೆಯಿಂದ ಅವರ ಹೆಸರು ಅಳಿಸಿದ. ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಆ ಸುದ್ದಿ ಆಮೇಲೆ ಚಿಕ್ಕಪ್ಪನ ಕಿವಿಗೂ ಬಿತ್ತು. ಎರಡನೇ ಭಾಗವೂ ಬರಲಿಲ್ಲ, ಚಿಕ್ಕಪ್ಪನೂ ಮತ್ತೆ ಬರಲಿಲ್ಲ.

ಈಗ ಯಾವುದೋ ಕಂಪನಿ ಅದನ್ನು ಮೊಬೈಲಿಗೆ ತರುತ್ತದಂತೆ. ಕಾಗದದ ಪ್ರಕಾರ ಆಟ ಪೂರ್ತಿ ಅಪ್ಪನದು. ಆದರೆ ಅಪ್ಪನ ನೆನಪು ದಿನದಿಂದ ದಿನಕ್ಕೆ ಸೋರಿಹೋಗುತ್ತಿದೆ. ರುಜು ಹಾಕುವವನಿಗೆ ತಾನು ಏನು ಕೊಡುತ್ತಿದ್ದೇನೆಂಬುದು ಗೊತ್ತಿರಬೇಕು ಎಂದು ವಕೀಲೆ ಕಡ್ಡಿ ಮುರಿದಂತೆ ಹೇಳಿದರು. ಕೋರ್ಟಿಗೆ ಹೋಗಿ, ಅವನ ಪರವಾಗಿ ರುಜು ಹಾಕುವ ಅಧಿಕಾರ ನಾನು ತರುವ ಹೊತ್ತಿಗೆ ಕಂಪನಿ ಕೈತೊಳೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟರಲ್ಲಿ ಆಟ ತಂದು ತೋರಿಸಿದರೂ “ಇದೇನು?” ಎಂದು ಕೇಳುತ್ತಾನೆ ಅಪ್ಪ. ಅವನು ಜೀವ ತೇಯ್ದು ಮಾಡಿದ್ದು ಅದೊಂದೇ. ಅದನ್ನು ನಾಲ್ಕು ಜನ ಮತ್ತೆ ಆಡುವುದನ್ನು, ಗುರುತು ಹಿಡಿಯುವಷ್ಟು ಬುದ್ಧಿ ಇರುವಾಗಲೇ ಅವನು ನೋಡಬೇಕು ಎಂಬುದೊಂದೇ ನನ್ನ ಆಸೆ.

“ಮುಂದಿನ ವಾರ ಇನ್ನೊಂದು ಸಲ ಬರ್ತೀನಿ. ಅದೇ ಕೊನೆ,” ಎಂದು ವಕೀಲೆ ಎದ್ದರು.

ಅಂದಿನಿಂದ ನನಗೆ ಅದೇ ಕೆಲಸ. “ಅಪ್ಪಾ, ಆಟ ಪೂರ್ತಿ ನಂದು ಅನ್ನು.” ಮೊದಮೊದಲು ಅಪ್ಪ ನಕ್ಕ. ಆಮೇಲೆ ತಟ್ಟೆ ತಳ್ಳಿ ಎದ್ದುಬಿಟ್ಟ.

“ನೀನು ನನ್ನ ಮಗಳೇನೇ? ಅವನು ಇಲ್ಲದಾಗ ಅವನ ಪಾಲು ಹೊಡಿ ಅಂತೀಯಲ್ಲ, ನಂಗೆ ಕಳ್ಳತನ ಕಲಿಸ್ತೀಯಾ?”

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹಾಳಾದ ಕಾಯಿಲೆ, ಹೋಗಿ ಹೋಗಿ ಆ ಜಗಳವನ್ನೇ ಮೊದಲು ತಿಂದುಹಾಕಿತ್ತು. ಗೆಳೆತನ ಮಾತ್ರ ಮುಕ್ಕಾಗದೆ ಉಳಿದಿತ್ತು.

ಮಾರನೆಯ ದಿನವೇ ಕೆಲಸಕ್ಕೆ ರಜೆ ಹಾಕಿ ಚಿಕ್ಕಪ್ಪನನ್ನು ಹುಡುಕಿಕೊಂಡು ಹೋದೆ. ಈಗ ಅವರದು ಬೋರ್ಡು ಬರೆಯುವ ಅಂಗಡಿ. ಯಾವುದೋ ದರ್ಜಿಯ ಹೆಸರಿಗೆ ಹಳದಿ ಬಣ್ಣ ತುಂಬುತ್ತಿದ್ದರು. ಗುರುತು ಸಿಕ್ಕರೂ ಕುಂಚ ಕೆಳಗಿಡಲಿಲ್ಲ. ಕಂಪನಿಯ ವಿಷಯ, ವಕೀಲೆಯ ವಿಷಯ ನಿಂತಲ್ಲೇ ಹೇಳಿದೆ.

“ಬಂದು ಒಂದು ಮಾತು ಹೇಳಿ ಚಿಕ್ಕಪ್ಪ. ನನ್ನ ಪಾಲು ಆಗಲೇ ಕೊಟ್ಟಾಗಿದೆ, ಪೂರ್ತಿ ನಿಂದೇ ಅಂತ. ನೀವು ಹೇಳಿದ್ರೆ ಕೇಳ್ತಾನೆ.”

“ಭೇಷ್! ಹೊಡೆಸಿಕೊಂಡವನೇ ಬಂದು, ನೀನು ಹೊಡೆದದ್ದು ಸರಿ ಅಂತಾನೂ ಹೇಳಬೇಕಾ? ಅವನ ಹೊಸಲು ತುಳಿಯಲ್ಲ ನಾನು. ನಡಿ, ಬಣ್ಣ ಒಣಗ್ತಿದೆ.”

ನನಗೂ ಮೂಗಿನ ತುದಿಯಲ್ಲೇ ಕೋಪ. “ಬರಬೇಡಿ! ಬೆಳಗಾದ್ರೆ ಸಾಕು, ಗೂಬೆ ಬಂದ್ನಾ, ಗೂಬೆ ಯಾಕೆ ಬಂದಿಲ್ಲ ಅಂತ ನನ್ನ ಪ್ರಾಣ ತಿಂತಾನೆ. ನೀವು ಜಗಳ ಆಡಿ ಹೋದ್ರಿ ಅನ್ನೋದೇ ಅವನಿಗೆ ನೆನಪಿಲ್ಲ. ಅದನ್ನಾದ್ರೂ ತಿಳ್ಕೊಂಡಿರಿ,” ಎಂದು ಹೊರಟುಬಿಟ್ಟೆ.

ಕುಂಚ ಡಬ್ಬಿಗೆ ಬಿದ್ದ ಸದ್ದಾಯಿತು. “ನಿಲ್ಲು,” ಎಂದರು ಚಿಕ್ಕಪ್ಪ. “ಯಾವತ್ತು ಬರಬೇಕು?”

ವಕೀಲೆ ಬರುವ ದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಖ ಗಂಟು ಹಾಕಿಕೊಂಡು ಬಂದರು. ಅಪ್ಪ ಕುರ್ಚಿಯಿಂದ ಏಳುವ ಮೊದಲೇ ಬೈಯಲು ಶುರು ಮಾಡಿದ.

“ಏನೋ ಗೂಬೆ, ಇದಾ ಬರೋ ಹೊತ್ತು? ದೋಣಿ ಹತ್ತೋ ಮುದುಕಿಯ ಮಾತು ಬರೆದು ತರ್ತೀನಿ ಅಂದಿದ್ದೆ. ದೋಣಿ ದಡದಲ್ಲೇ ನಿಂತಿದೆ! ಇದೇನೋ ತಲೆ, ಇಷ್ಟು ಬೆಳ್ಳಗಾಗಿದೆ?”

ಚಿಕ್ಕಪ್ಪ ತಲೆ ಸವರಿಕೊಂಡರು. ಆಮೇಲೆ ಅಪ್ಪನ ಎದುರು ಕೂತು, ನಾನು ಕೇಳಿಕೊಂಡಿದ್ದ ಮಾತನ್ನೇ ಹೇಳಿದರು. “ನೋಡೋ, ಈ ಆಟದಲ್ಲಿ ನಂದೇನೂ ಇಲ್ಲ. ನನ್ನ ಪಾಲು ನಿನಗೆ ಕೊಟ್ಟಾಗಿದೆ. ಪೂರ್ತಿ ನಿಂದೇ.”

ಅಪ್ಪ ವಕೀಲೆಯತ್ತ ತಿರುಗಿದ. “ಇವನಿಗೆ ತಲೆ ಕೆಟ್ಟಿದೆ ಮೇಡಂ, ಇವನ ಮಾತು ಬರ್ಕೋಬೇಡಿ. ನೀರು ನಂದು, ಜನ ಇವನದು. ಜನಾನೇ ಇಲ್ಲದಿದ್ರೆ ನನ್ನ ನೀರು ಯಾರಿಗೆ ಬೇಕು?”

ವಕೀಲೆ ಬೇರೆ ಬೇರೆ ರೀತಿಯಲ್ಲಿ ತಿರುಗಿಸಿ ಕೇಳಿದರು. ಕೇಳಿದಷ್ಟು ಸಲವೂ ಅಪ್ಪನದು ಅದೇ ಉತ್ತರ, ಒಂದಿಷ್ಟೂ ತಡವರಿಕೆ ಇಲ್ಲ. ಅವರು ಸಪ್ಪಗೆ ಕ್ಯಾಮೆರಾಗೆ ಕೈ ಚಾಚಿದರು.

“ಆರಿಸಬೇಡಿ!” ನನ್ನ ಬಾಯಿಂದ ಬಂದೇಬಿಟ್ಟಿತು. “ಅವನು ಹೇಳಿದ್ದನ್ನೇ ಬರೀರಿ. ಅರ್ಧ ಅವನದು, ಅರ್ಧ ಇವರದು. ಅದು ಅವನಿಗೆ ಚೆನ್ನಾಗಿ ಗೊತ್ತಿದೆಯಲ್ಲ? ಗೊತ್ತಿದ್ದು ರುಜು ಹಾಕಿದ ಹಾಗೇ ಆಯ್ತಲ್ಲ?”

“ನಾಳೆ ನಿಮಗೆ ಬರೋದೂ ಅರ್ಧವೇ ಆಗುತ್ತೆ,” ಎಂದರು ವಕೀಲೆ.

“ಆಗಲಿ. ತಕರಾರಿಲ್ಲ ಅಂತ ನಾನೂ ಬರೆದುಕೊಡ್ತೀನಿ. ಮೊದಲ ಪರದೆಯಲ್ಲಿ ಇಬ್ಬರ ಹೆಸರೂ ಇರಬೇಕು, ಅದನ್ನೂ ಸೇರಿಸಿ.”

ವಕೀಲೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದು ಹೊಸದಾಗಿ ಬರೆದರು. ನಿಧಾನವಾಗಿ ಓದಿ ಹೇಳಿದರು. “ಸರಿಯಾಗಿದೆ,” ಎಂದು ಅಪ್ಪ ಗುಂಡಗೆ ರುಜು ಹಾಕಿ ಪೆನ್ನನ್ನು ಚಿಕ್ಕಪ್ಪನಿಗೆ ಕೊಟ್ಟ. ಚಿಕ್ಕಪ್ಪನೂ ಅದರ ಕೆಳಗೆ ರುಜು ಹಾಕಿದರು.

ವಕೀಲೆ ಹೋದ ಮೇಲೆ ಚಿಕ್ಕಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

“ಅವನಿಗೆ ಬೈಯೋಕೆ ಅಂತ ಎಷ್ಟು ಮಾತು ಇಟ್ಕೊಂಡಿದ್ದೆ ಗೊತ್ತಾ? ಕುಂಚ ಹಿಡಿದಾಗ, ಊಟಕ್ಕೆ ಕೂತಾಗ, ಎಲ್ಲಾ ಅದೇ. ಈಗ ಯಾರಿಗೆ ಬೈಲಿ? ಒಳಗೆ ಕೂತಿದಾನಲ್ಲ, ಅವನು ನನಗೇನೂ ಮಾಡಿಲ್ಲ.”

“ನನಗೆ ಬೈಯಿರಿ ಚಿಕ್ಕಪ್ಪ.”

“ನಿನಗ್ಯಾಕಮ್ಮ?”

“ನನಗೆ ಎಲ್ಲಾ ನೆನಪಿದೆ.”

ಅವರು ನನ್ನನ್ನೇ ದಿಟ್ಟಿಸಿದರು. ನನ್ನ ಮುಖ ಥೇಟ್ ಅಪ್ಪನದೇ ಎಂದು ಎಲ್ಲರೂ ಹೇಳುತ್ತಾರೆ.

“ಹೇಗೆ ಮನಸ್ಸು ಬಂತೋ ನಿನಗೆ?” ಎಂದು ಶುರು ಮಾಡಿದರು. “ಪಾಲು ಹೋಗಲಿ, ಹಾಳಾಗಲಿ. ನನ್ನ ಹೆಸರು ಅಳಿಸೋಕೆ ಹೇಗೆ ಕೈ ಬಂತೋ? ಒಂದು ದಿನ, ಒಂದೇ ಒಂದು ದಿನ ಬಂದು ಬಾಗಿಲು ತಟ್ಟಿದ್ರೆ ನಾನು ಬರ್ತಿರ್ಲಿಲ್ವೇನೋ?” ದನಿ ಏರಿತು. ಬಾಯಿಗೆ ಬಂದಂತೆ ಬೈದರು. ಯಾರೇ ಒಂದು ಮಾತು ಆಡಿದರೂ ತಿರುಗಿ ನಾಲ್ಕು ಆಡುವವಳು ನಾನು, ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡೆ. ಕೊನೆಗೆ ಅವರ ಬೈಗುಳ ಮುಗಿಯಿತು.

“ತಪ್ಪಾಯ್ತು ಕಣೋ ಗೂಬೆ,” ಎಂದೆ.

ಚಿಕ್ಕಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಎದ್ದು ಒಳಗೆ ಹೋದರು.