ಬಲಗಿವಿಗೆ ಕಟ್ಟಿದ ಹಗ್ಗ

ಆ ವಾರ ಹಂಸ ಹನ್ನೊಂದು ಸಲ ಸತ್ತಳು. ಹನ್ನೊಂದು ಸಲವೂ ಕೊಲ್ಲಲು ಬಂದವನ ಹೆಜ್ಜೆ ಸದ್ದು ಅವಳಿಗೆ ಕೇಳಿಸಿರಲಿಲ್ಲ. ಕಂಪ್ಯೂಟರ್ ಆಟದಲ್ಲಿ ಸತ್ತವರು ಮುಂದಿನ ಸುತ್ತಿಗೆ ಮೈ ಕೊಡವಿ ಎದ್ದು ಬರುತ್ತಾರೆ, ನಿಜ. ಆದರೆ ತಂಡದ ನಾಯಕ ಲಿಖಿತ್‌ನ ತಾಳ್ಮೆ ಹಾಗೆ ಎದ್ದು ಬರುವಂಥದ್ದಲ್ಲ.

"ಮಗಾ, ಆನೆ ನಡೆದಂಗೆ ನಡ್ಕೊಂಡ್ ಬಂದ ಅವ್ನು. ಕೇಳಿಸ್ಲಿಲ್ವಾ ನಿಂಗೆ?" ಸಿ.ವಿ. ರಾಮನ್ ನಗರದ ತನ್ನ ಮನೆಯಿಂದ ಅವನು ಮೈಕಿನಲ್ಲಿ ಕೂಗಿದ. "ಒಂದು ಸೌಂಡ್ ಕಾರ್ಡ್ ಹಾಕ್ಸು ಗುರು. ಹೆಜ್ಜೇನೂ ಕೇಳುತ್ತೆ, ಆಟಾನೂ ಸ್ಪೀಡಾಗುತ್ತೆ. ಹೀಗೇ ಇದ್ರೆ ಭಾನುವಾರದ ಸೆಮಿಫೈನಲ್‌ಗೆ ನಿನ್ನ ಬದಲು ವಸಂತ್‌ನ ಆಡಿಸ್ತೀನಿ. ಬೇಜಾರ್ ಮಾಡ್ಕೋಬೇಡ."

ಬೇಜಾರಾಗದೆ ಇರುತ್ತದೆಯೇ? ಉಗಾದಿಯ ಮಾರನೆಯ ದಿನ ಅಜ್ಜಿ ಅಣ್ಣಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದರೆ ಸಂಜೆಯವರೆಗೆ ಅಜ್ಜಿಯ ಕಾವಲು ಹಂಸಳದು. ದೊಡ್ಡನೆಕ್ಕುಂದಿಯ ಆ ಮನೆಯ ಹೊಸಿಲಾಚೆ ಅವಳಿಗೆ ಉಳಿದಿದ್ದ ಲೋಕವೆಂದರೆ ಈ ಐದು ಜನರ ತಂಡ ಒಂದೇ.

ಗುರುವಾರ ಅಮ್ಮನಿಗೆ ವಾರದ ರಜೆ. ಹಂಸ ಕಂಪ್ಯೂಟರಿನ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಆಟೋ ಹತ್ತಿದಳು. ಶಿವಾಜಿನಗರದ ಸಂದಿಯೊಂದರಲ್ಲಿ, ಅತ್ತರಿನ ಅಂಗಡಿಗೂ ಕುಲುಮೆಗೂ ನಡುವೆ ಹಬೀಬ್ ಚಾಚಾನ ಅಂಗಡಿ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ಆಮೇಲೆ ಕಂಪ್ಯೂಟರಿಗೆ ಕೈ ಹಚ್ಚಿದ ಮನುಷ್ಯ.

"ಸೌಂಡ್ ಕಾರ್ಡ್ ಬೇಕಿತ್ತು ಚಾಚಾ. ಒಳ್ಳೇದು ಕೊಡಿ."

"ಕೊಡೋದು ದೊಡ್ಡದಲ್ಲ ಬೇಟಿ. ಬೇಕಾ ಅಂತ ನೋಡೋಣ, ಕೂತ್ಕೋ."

ಮೊದಲು ಕಾರ್ಡಿಲ್ಲದೆ ಆಟ ಓಡಿಸಿದ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆಯೆಂದು ಪರದೆಯ ಮೂಲೆ ಹೇಳುತ್ತಿತ್ತು: ನೂರಾ ನಲವತ್ತೆರಡು. ಆಮೇಲೆ ಗಾಜಿನ ಕಪಾಟಿನಿಂದ ಹೊಸ ಕಾರ್ಡ್ ತೆಗೆದು ಕೂರಿಸಿ ಮತ್ತೆ ಓಡಿಸಿದ. ನೂರಾ ನಲವತ್ತೆರಡು.

"ಇಷ್ಟೇನಾ?" ಹಂಸಳ ಮುಖ ಬಾಡಿತು.

"ಹಿಂದೆ ಕಂಪ್ಯೂಟರ್‌ಗೆ ಸೌಂಡ್ ಅಂದ್ರೆ ಮೂಟೆ ಹೊತ್ತಂಗೆ. ಕಾರ್ಡ್ ಹಾಕಿದ್ರೆ ಹಗುರ ಆಗ್ತಿತ್ತು. ಈಗಿನ ಬೋರ್ಡ್‌ಗೆ ಅದು ಮಲ್ಲಿಗೆ ಹೂವಿನ ಭಾರ. ಗೊರ್ ಅಂತ ಸದ್ದು ಬರ್ತಿದ್ರೆ, ಭಾರಿ ಹೆಡ್‌ಫೋನ್ ಇದ್ರೆ ಕಾರ್ಡ್ ಬೇಕು. ನಿಂದ್ರಲ್ಲಿ ಗೊರ್ರೂ ಇಲ್ಲ, ಹೆಡ್‌ಫೋನೂ ಮಾಮೂಲಿ."

"ಹೆಜ್ಜೆ ಸದ್ದು?"

ಹಬೀಬ್ ತನ್ನ ಟವೆಲನ್ನು ಅವಳ ಕಣ್ಣಿಗೆ ಕಟ್ಟಿದ. ಹೆಡ್‌ಫೋನನ್ನು ತಾನೇ ಎರಡೂ ಕಿವಿಯ ಮೇಲೆ ನೆಟ್ಟಗೆ ಕೂರಿಸಿದ. ಆಟದೊಳಗೆ ಯಾರೋ ಬೂಟುಗಾಲಲ್ಲಿ ನಡೆಯತೊಡಗಿದರು. ಬಂದ ದಿಕ್ಕಿಗೆ ಹಂಸ ಬೆರಳು ತೋರಿಸಬೇಕು. ಕಾರ್ಡಿನಿಂದ ಹತ್ತು ಸಲ, ಕಾರ್ಡಿಲ್ಲದೆ ಹತ್ತು ಸಲ. ಯಾವುದು ಯಾವಾಗ ಎಂದು ಅವನು ಬಾಯಿ ಬಿಡಲಿಲ್ಲ. ಟವೆಲ್ ಬಿಚ್ಚಿದಾಗ ಇಪ್ಪತ್ತಕ್ಕೆ ಇಪ್ಪತ್ತೂ ಸರಿ.

"ಮತ್ತೆ ಮನೇಲಿ ಯಾಕೆ ಕೇಳಿಸಲ್ಲ?"

ಹಬೀಬ್ ಹೆಡ್‌ಫೋನನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಎಡಗಡೆಯ ಮೆತ್ತೆ ಸವೆದು, ಸಿಪ್ಪೆ ಎದ್ದು, ಒಳಗಿನ ಸ್ಪಂಜು ಇಣುಕುತ್ತಿತ್ತು. ಬಲಗಡೆಯದು ಮೊನ್ನೆ ತಂದಂತೆ ಫಳಫಳ ಹೊಳೆಯುತ್ತಿತ್ತು.

"ನಿನ್ನ ಹೊಡೆದವ್ರು ಯಾವ ಕಡೆಯಿಂದ ಬಂದ್ರು?"

ಹಂಸ ಯೋಚಿಸಿದಳು. "ಬಲಗಡೆ... ಎಲ್ಲಾ ಬಲಗಡೆ ಚಾಚಾ."

"ಈ ಬಲಗಿವಿ ಯಾರಿಗೆ ಕೊಟ್ಟಿದೀಯಾ ಬೇಟಿ?"

ಅವಳ ಕೈ ತಂತಾನೇ ಬಲಗಿವಿಗೆ ಹೋಯಿತು. "ನಮ್ಮಜ್ಜಿಗೆ," ಎಂದಳು. ಅಜ್ಜಿ ಯಾರನ್ನೂ ಎರಡನೇ ಸಲ ಕೂಗಿದವಳಲ್ಲ. ಒಂದು ಸಲ, ಅದೂ ಮೆಲ್ಲಗೆ. ಕೇಳಿಸದಿದ್ದರೆ ಗೋಡೆಗೆ ಮುಖ ತಿರುಗಿಸಿ ಮಲಗುತ್ತಾಳೆ. ಆ ಒಂದು ಕೂಗಿಗಾಗಿ ಹಂಸ ಬಲಗಡೆಯ ಮೆತ್ತೆಯನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡೇ ತಿಂಗಳುಗಳಿಂದ ಆಡುತ್ತಿದ್ದಳು. ಹಾಗೆ ಆಡುತ್ತಿದ್ದೇನೆಂಬುದೇ ಅವಳಿಗೆ ಮರೆತುಹೋಗಿತ್ತು.

ಇರುವೆಯ ಕಾಲ್ಗೆಜ್ಜೆಯ ದನಿ ಹಿಡಿಯುವ ಮುದುಕನೊಬ್ಬ ಅಜ್ಜಿಯ ಕಥೆಗಳಲ್ಲಿ ಬರುತ್ತಿದ್ದ. ಅವನ ಅಂಗಡಿ ಶಿವಾಜಿನಗರದಲ್ಲಿದೆಯೆಂದು ಅಜ್ಜಿ ಮಾತ್ರ ಹೇಳಿರಲಿಲ್ಲ. ಕಾರ್ಡನ್ನು ಹುಷಾರಾಗಿ ಡಬ್ಬಿಗೆ ಸೇರಿಸುತ್ತಿದ್ದ ಹಬೀಬನನ್ನು ಹಂಸ ಕಣ್ಣು ತುಂಬ ನೋಡಿದಳು.

"ಇದಕ್ಕೆ ನನ್ ಹತ್ರ ಕಾರ್ಡ್ ಇಲ್ಲ," ಎಂದು ಅವನು ನಕ್ಕ. "ಹೋಗಿ ಅಜ್ಜೀನ ಕೇಳು."

ಕೇಳಿದ್ದಕ್ಕೆ ಅಜ್ಜಿ ರೇಗಿದಳು. "ಅಯ್ಯೋ ಪೆದ್ದಿ, ಒಂದು ಮಾತು ಹೇಳ್ಬಾರ್ದಿತ್ತಾ? ಈಗ ಫ್ಯಾಕ್ಟ್ರಿ ಐತಲ್ಲ, ಅಲ್ಲಿ ಆಗ ನಮ್ ರಾಗಿ ಹೊಲ ಇತ್ತು. ಹಕ್ಕಿ ಕಾಯೋಕೆ ಅಟ್ಟಣೆ ಮೇಲೆ ಕೂತು ಹಗ್ಗ ಎಳೆದ್ರೆ ಆ ಮೂಲೇಲಿ ಡಬ್ಬ ಬಡಕೊಂಡು ಹಕ್ಕಿ ಹಾರೋವು. ತತ್ತಾ ಹಗ್ಗ!"

ಬಟ್ಟೆ ಒಣಹಾಕುವ ನೈಲಾನ್ ಹಗ್ಗ ನಡುಮನೆಯಲ್ಲಿದ್ದ ಅಜ್ಜಿಯ ಮಂಚದಿಂದ ಹೊರಟು, ಬಾಗಿಲ ಸಂದಿ ದಾಟಿ, ಹಂಸಳ ಕಾಲಿನ ಹೆಬ್ಬೆರಳಿಗೆ ಬಂತು. ಒಂದು ಸಲ ಎಳೆದರೆ ಆಟ ಮುಗಿಸಿ ಬಾ. ಎರಡು ಸಲ ಎಳೆದರೆ ಈಗಲೇ ಬಾ.

ಭಾನುವಾರ ಮಧ್ಯಾಹ್ನ. ಶುಕ್ರವಾರ, ಶನಿವಾರ ಅವಳ ಆಟ ನೋಡಿದ ಲಿಖಿತ್ ವಸಂತ್‌ನ ಮಾತೆತ್ತಿರಲಿಲ್ಲ. ಕೊನೆಯ ಸುತ್ತು ಬಂದಾಗ ತಂಡದಲ್ಲಿ ಉಳಿದವಳು ಹಂಸ ಒಬ್ಬಳೇ, ಎದುರಿಗೆ ಉಳಿದವನೂ ಒಬ್ಬನೇ. ಹೆಡ್‌ಫೋನಿನಿಂದ ಎರಡೂ ಕಿವಿ ಮುಚ್ಚಿ ಅವಳು ಆಟದೊಳಗಿನ ಗೋಡೆಗೊರಗಿ ನಿಂತಳು.

ಹೆಬ್ಬೆರಳು ಜಗ್ಗಿತು. ಒಂದು ಸಲ.

ಉಸಿರು ಹಿಡಿದಳು. ಎರಡನೆಯದು ಬಂದರೆ ಸೆಮಿಫೈನಲ್ ಬಿಟ್ಟೇ ಓಡಬೇಕು. ಹಗ್ಗ ಸುಮ್ಮನಿತ್ತು. ಆ ಮೌನದೊಳಗೆ, ಬಲಗಡೆ, ಜಲ್ಲಿಯ ಮೇಲೆ ಒಂದು ಬೂಟು ಮೆಲ್ಲಗೆ ಊರಿತು. ಹಂಸ ತಿರುಗಿದಳು. ಒಂದೇ ಗುಂಡು.

ಮೈಕಿನಲ್ಲಿ ನಾಲ್ಕು ಗಂಟಲು ಒಟ್ಟಿಗೆ ಕಿರುಚುತ್ತಿದ್ದಾಗ ಅವಳು ಕುಂಟುತ್ತಾ, ಹಗ್ಗವನ್ನು ಎಳೆದುಕೊಂಡೇ ನಡುಮನೆಗೆ ಓಡಿದಳು. "ಏನಜ್ಜಿ? ಏನಾಯ್ತು?"

"ಏನಿಲ್ಲ ಕಣೇ. ಗೆದ್ಯಾ ಅಂತ ಕೇಳೋಣ ಅನ್ನಿಸ್ತು."

ವಾಪಸು ಬಂದು ಹೆಡ್‌ಫೋನ್ ಹಾಕಿಕೊಂಡರೆ ಲಿಖಿತ್ ಇನ್ನೂ ಕೂಗುತ್ತಲೇ ಇದ್ದ. "ಏನ್ ಗುರು ಕಿವಿ ಅದು! ಯಾವ ಕಾರ್ಡ್ ಹಾಕಿಸ್ದೆ? ನಾನೂ ಅದನ್ನೇ ತಗೋತೀನಿ, ಎಲ್ಲಿ ಸಿಗುತ್ತೆ?"

"ಶಿವಾಜಿನಗರದಲ್ಲಿ ಹಬೀಬ್ ಚಾಚಾ ಅಂತ," ಎಂದಳು ಹಂಸ, ಹೆಬ್ಬೆರಳಿನ ಗಂಟು ಬಿಚ್ಚುತ್ತಾ. "ಹೋಗು. ಆದ್ರೆ ಅವ್ರು ಅಷ್ಟು ಸುಲಭಕ್ಕೆ ಮಾರಲ್ಲ ಮಗಾ."