ಬಾಯಿ ಮುಚ್ಚಿದ ಹಾರ್ನ್

"ನಮ್ಮ ಭಾವಮೈದ ಕೈ ಇಟ್ಟಿದ್ದೇ ಇಟ್ಟಿದ್ದು, ಆ ಹಾರ್ನ್ ಕಮಕ್ ಕಿಮಕ್ ಅಂದಿಲ್ಲ ನೋಡಿ! ಮೊದಲು ಹಾಲಿಗೆ ಅಳೋ ಕೂಸಿನ ಹಾಗೆ ಹೊತ್ತಿಲ್ಲ ಗೊತ್ತಿಲ್ಲ, ಒಂದೇ ಸಮ ಕೂಗೋದು."

ಹೀಗೆ ಹೊಗಳುತ್ತಿದ್ದವರು ಸಕ್ಕರೆ ಪಾಕದ ಕಾರ್ಖಾನೆಯ ಕಂಟ್ರೋಲ್ ರೂಮಿನ ಆಪರೇಟರ್. ಕೇಳುತ್ತಿದ್ದವರು ಫೋರ್‌ಮನ್. ಮೂಲೆಯ ಸ್ಟೂಲಿನ ಮೇಲೆ ಟೀ ಹಿಡಿದು ನಾಚಿಕೊಂಡು ಕೂತಿದ್ದವನು ಆ ಭಾವಮೈದ, ಅಳತೆ ಮೀಟರುಗಳ ಮೆಕ್ಯಾನಿಕ್. ಅವನಿಗೆ ಇಲ್ಲಿ ಕೆಲಸ ಕೊಡಿಸಿದ್ದೂ ಭಾವನೇ.

ಪಾಕದ ಟ್ಯಾಂಕಿನಲ್ಲಿ ನೊರೆ ಎದ್ದರೆ ಸಾಕು, ಹಾರ್ನ್ ಊರು ಒಂದು ಮಾಡುತ್ತಿತ್ತು. ಬೇಸತ್ತ ಭಾವ ಅದರ ಬಾಯಿಗೆ ಹಳೇ ಬನಿಯನ್ ಚೂರು ತುರುಕಿದ್ದರು. ಬೆಳಿಗ್ಗೆ ಭಾವಮೈದ ಅಲಾರಂ ಎಷ್ಟು ಮಟ್ಟಕ್ಕೆ ಕೂಗಬೇಕೆಂಬ ಮಿತಿಯನ್ನು ಸರಿಮಾಡಿದ ಮೇಲೆ ಎಲ್ಲರೆದುರು ಆ ಬಟ್ಟೆಯನ್ನು ಕಿತ್ತು, "ಇನ್ನು ಇದರ ಹಂಗಿಲ್ಲ" ಎಂದು ಜೇಬಿಗೆ ಹಾಕಿಕೊಂಡಿದ್ದರು.

"ಹಾಗಾದ್ರೆ ನಿಮ್ಮ ಬಾಯಿಗೂ ಇವನ ಕೈಲೇ ಒಂದು ಮಿತಿ ಇಡಿಸ್ರೀ," ಎಂದು ನಕ್ಕ ಫೋರ್‌ಮನ್, ಪರದೆ ಕಡೆ ಬೆರಳು ತೋರಿಸಿದರು. "ಅರ್ಧ ಟ್ಯಾಂಕು. ಊಟದ ಹೊತ್ತಿಂದ ಮಟ್ಟದ ಗೆರೆ ನೋಡಿ, ಸ್ಕೇಲಿಟ್ಟು ಎಳೆದ ಹಾಗಿದೆ. ಭೇಷ್!"

ಭಾವಮೈದ ಲೋಟ ಹಿಡಿದೇ ಪರದೆಯತ್ತ ಬಗ್ಗಿ ನೋಡಿದ.

ಮೇಲಿಂದ ಪಾಕ ಬೀಳುತ್ತಾ, ಕೆಳಗಿಂದ ಹೋಗುತ್ತಾ, ನಡುವೆ ಕಲಕುತ್ತಾ ಇರುವ ಟ್ಯಾಂಕಿನ ಗೆರೆ ನಡುಗಲೇಬೇಕು. ನಡುಗುತ್ತಿಲ್ಲವೆಂದರೆ ಮೀಟರು ಟ್ಯಾಂಕನ್ನು ನೋಡುತ್ತಲೇ ಇಲ್ಲ. ಅಲಾರಂ ಪರೀಕ್ಷೆಗೆಂದು ಅವನೇ ಅದನ್ನು ಟೆಸ್ಟ್ ಮೋಡಿಗೆ ಹಾಕಿದ್ದ. ಆ ಮೋಡಿನಲ್ಲಿ ಮೀಟರು ಗಿಳಿ ಇದ್ದಂತೆ, ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತದೆ. 'ತುಂಬಿದೆ' ಎಂದು ಹೇಳಿಕೊಟ್ಟ, ಹಾರ್ನ್ ಕೂಗಿತು. 'ಅರ್ಧ' ಎಂದ, ಸುಮ್ಮನಾಯಿತು. ಅಷ್ಟರಲ್ಲಿ ಅಕ್ಕನ ಫೋನು: "ಊಟ ಆರ್ತಾ ಇದೆ, ಎಲ್ಲಿ ಸತ್ತಿದ್ದೀಯೋ?" ಮುಚ್ಚಳ ಮುಚ್ಚಿ ಓಡಿದ್ದ. ಮೋಡು ಅಲ್ಲೇ ಉಳಿಯಿತು. ಮೀಟರನ್ನು ನಂಬಿದ ಪಂಪು ಈಗಲೂ ತುಂಬಿಸುತ್ತಲೇ ಇದೆ.

ಸದ್ದಿಲ್ಲದೆ ಹತ್ತಿ ಸರಿಮಾಡಿಬಿಡೋಣವೆಂದರೆ, ಪಂಪನ್ನು ಮೀಟರಿನಿಂದ ಬಿಡಿಸಿ ಕೈ ಹಿಡಿತಕ್ಕೆ ತೆಗೆದುಕೊಳ್ಳದೆ ಯಾರೂ ಮೀಟರು ಮುಟ್ಟುವಂತಿಲ್ಲ. ಅದು ಭಾವನ ಕೈಯಲ್ಲಿತ್ತು.

"ಭಾವ, ಪಂಪು ಒಂಚೂರು ಕೈಗೆ ತಗೊಳ್ಳಿ. ಸುಮ್ನೆ... ಇನ್ನೊಂದ್ಸಲ ನೋಡ್ಬೇಕು."

"ಸರಿಯಾಗಿರೋದನ್ನ ಯಾಕೋ ಕೆದಕ್ತೀಯ? ಕೂತ್ಕೊಂಡು ಟೀ ಕುಡಿ." ಫೋರ್‌ಮನ್ ಕಡೆ ತಿರುಗಿ, "ಇದೇ ನೋಡಿ ಇವನ ಬುದ್ಧಿ! ಸಮಾಧಾನ ಅನ್ನೋದೇ ಇಲ್ಲ."

ಆ ಹೊಗಳಿಕೆ ಅವನ ಮೈಮೇಲೆ ಚೇಳಿನಂತೆ ಹರಿದಾಡಿತು. ಇನ್ನೂ ಒಂದು ಗುಟುಕು ಟೀ ಕುಡಿದ. ಕುಡಿದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

"ಸರಿಯಿಲ್ಲ ಭಾವ. ಮೀಟರನ್ನ ಟೆಸ್ಟ್ ಮೋಡಲ್ಲಿ ಬಿಟ್ಟು ಊಟಕ್ಕೆ ಹೋಗ್ಬಿಟ್ಟೆ. ಟ್ಯಾಂಕು ತುಂಬಿರುತ್ತೆ."

ಫೋರ್‌ಮನ್ ನೋಡಿದ್ದು ಅವನನ್ನಲ್ಲ, ಭಾವನನ್ನು. ಭಾವನ ಮುಖದ ನಗು ಇಳಿಯಲು ದಾರಿ ತಿಳಿಯದೆ ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಭಾವ ಪಂಪು ನಿಲ್ಲಿಸಿದರು.

"ನಾನೂ ಗೆರೆ ನೋಡ್ಲಿಲ್ಲ," ಎಂದರು ಯಾರಿಗೆಂದಿಲ್ಲದೆ. ಆಮೇಲೆ, "ಹೋಗು, ಹತ್ತು."

"ತಪ್ಪಾಯ್ತು ಭಾವ."

"ಹತ್ತೋ ಮೊದಲು."

ಟ್ಯಾಂಕಿನ ಮುಚ್ಚಳದ ಅಂಚಿನಿಂದ ಪಾಕ ಒಸರಿ ಏಣಿಯ ಮೇಲೆಲ್ಲ ಎಳೆಎಳೆಯಾಗಿ ಇಳಿದಿತ್ತು. ಅಂಟು ಕೈಯಲ್ಲೇ ಮೀಟರಿನ ಗುಂಡಿ ಒತ್ತಿ ಮೊದಲಿನ ಮೋಡಿಗೆ ತಂದ. ಹಾರ್ನ್ ಬಾಯಿ ತುಂಬ ಕೂಗಿಕೊಂಡಿತು. ಅಂಗಳದಲ್ಲಿದ್ದವರೆಲ್ಲ ಕತ್ತೆತ್ತಿ ಅವನನ್ನೇ ನೋಡಿದರು.

ಕೆಳಗೆ ಭಾವ ಹೊರಬಂದು ಜೇಬಿನಿಂದ ಬನಿಯನ್ ಚೂರು ತೆಗೆದರು. ಮತ್ತೆ ಹಾರ್ನಿಗೆ ತುರುಕುತ್ತಾರೆ, ತುರುಕಲಿ ಅಂದುಕೊಂಡ ಅವನು. ಭಾವ ಹಾರ್ನ್ ದಾಟಿ ಏಣಿಯ ಬುಡಕ್ಕೆ ಬಂದರು. ಅವನು ಇಳಿಯುವಾಗ ಜಾರದಂತೆ ಮೆಟ್ಟಿಲ ಮೇಲಿನ ಪಾಕವನ್ನು ಒರೆಸತೊಡಗಿದರು. ಕೆಳಗಿನದು ಮುಗಿಸಿ, ಅದರ ಮೇಲಿನದಕ್ಕೆ ಕೈ ಚಾಚಿದರು.