ಪೂಜೆಗಿಟ್ಟ ಪಾನಾ

ಮಳೆಗಾಲ ಮುಗಿದು ಬಿಸಿಲು ಚುರುಕಾಗಿದ್ದ ಮಹಾನವಮಿಯ ಮಧ್ಯಾಹ್ನ, ಭಾಲ್ಕಿಯ ಹಾವಗೆಪ್ಪನ ಗ್ಯಾರೇಜಿನ ಮುಂದೆ ಜಾಯ್ಸ ಎಂಬ ಹೆಣ್ಣುಮಗಳ ಕಾರು ಬಂದು ನಿಂತಿತು. ಗಾಲಿ ಪಂಚರ್ ಆಗಿತ್ತು.

"ಕಾಕಾ, ಔರಾದದಾಗ ತಂಗಿಗಿ ಹೆರಿಗಿ ಬ್ಯಾನಿ ಚಾಲೂ ಆಗ್ಯಾವ್ರಿ. ಲಗೂನ ಸ್ಟೆಪ್ನಿ ಹಾಕಿಕೊಡ್ರಿ," ಎಂದಳು ಜಾಯ್ಸ.

ಅಂದು ಖಂಡೆಪೂಜೆ, ಆಯುಧ-ಸಲಕರಣೆಗಳನ್ನು ಪೂಜಿಸುವ ದಿನ. ನಟ್ಟು ಬಿಚ್ಚುವ ಹಾವಗೆಪ್ಪನ ಒಳ್ಳೆಯ ಪಾನಾಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕುಳಿತಿದ್ದವು. ಮರುದಿನ ಬನ್ನಿ ಹಂಚುವವರೆಗೆ ಅವನ್ನು ಮುಟ್ಟುವಂತಿರಲಿಲ್ಲ; ಅಪ್ಪನ ಕಾಲದ ಆ ನೇಮವನ್ನು ಅವನು ಒಮ್ಮೆಯೂ ಮುರಿದಿರಲಿಲ್ಲ. ಸಂತೆಯಲ್ಲಿ ಕೊಂಡ ಅಗ್ಗದ ಪಾನಾವನ್ನು ಮಾತ್ರ ಪೂಜೆಗೆ ತಕ್ಕದ್ದಲ್ಲವೆಂದು ಹೊರಗೆ ಬಿಟ್ಟಿದ್ದ. ಅದನ್ನೇ ತಂದ.

ಮೂರು ನಟ್ಟು ಬಿಚ್ಚಿದವು. ನಾಲ್ಕನೆಯದಕ್ಕೆ ಬಲ ಹಾಕಿದಾಗ ಪಾನಾದ ಬಾಯಿ ಅಗಲವಾಗಿ ಜಾರಿತು, ನಟ್ಟಿನ ಮೂಲೆ ಸವೆಯಿತು. ಇನ್ನೊಮ್ಮೆ ಜಾರಿದರೆ ಆ ನಟ್ಟು ಯಾರ ಕೈಗೂ ಬಗ್ಗುವುದಿಲ್ಲವೆಂದು ಹಾವಗೆಪ್ಪನಿಗೆ ಗೊತ್ತಿತ್ತು. ಅವನು ದೇವರ ಕಡೆ ನೋಡುತ್ತ ನಿಂತುಬಿಟ್ಟ.

"ಏನ್ ನೋಡ್ತೀರಿ? ನೀವು ಬನ್ನಿ ಹಂಚೋತನಕ ಕೂಸು ಹೊಟ್ಟ್ಯಾಗ ಕಾಯ್ಕೋತ ಕೂಡ್ತದೇನ್ರಿ?" ಎಂದು ಹೆಂಡತಿ ರುಕ್ಮಿಣಿಬಾಯಿ ತಾನೇ ಹೂವು ಸರಿಸಿ, ದೊಡ್ಡ ಪಾನಾ ತಂದು ಅವನ ಕೈಗಿಟ್ಟಳು.

ನಟ್ಟು ಒಂದೇ ಪಟ್ಟಿಗೆ ಸಡಿಲಾಯಿತು. ಅದಕ್ಕೆ ಕುಂಕುಮ ಹತ್ತಿತ್ತು.

"ಒರಸ್ಲೇನವ್ವಾ?"

"ಇರ್ಲಿ ಬಿಡ್ರಿ ಕಾಕಾ."

ಹಾವಗೆಪ್ಪ ಸ್ಟೆಪ್ನಿ ಹಾಕಿ ನಟ್ಟು ಬಿಗಿದು, ಪಾನಾ ತೊಳೆದು ಮತ್ತೆ ದೇವರ ಮುಂದಿಟ್ಟ. ಅಗ್ಗದ್ದು ಹೊರಗೇ ಉಳಿಯಿತು. ಜಾಯ್ಸ ಔರಾದಿಗೆ ಹೊರಟುಹೋದಳು.